ಜಾಲತಾಣದ ಬ್ಯಾಂಡ್‌ವಿಡ್ತ್ ಅಂದಾಜು ಹಾಗೂ ಇ-ಮೇಲ್ ಸರ್ವರ್ ವಿವರಗಳು: ಅರ್ಜಿದಾರರಿಗೆ ಮಾಹಿತಿ

ಸಹಕಾರ ಸಂಘ, ಶಾಲೆ, ಗ್ರಂಥಾಲಯ ಅಥವಾ ಸಣ್ಣ ಉದ್ದಿಮೆಯ ಹೆಸರಿನಲ್ಲಿ ಜಾಲತಾಣವನ್ನು ತೆರೆಯಲು ಹೋಸ್ಟಿಂಗ್ ಸೇವೆಗೆ ಅರ್ಜಿ ಸಲ್ಲಿಸುವವರಿಗೆ ಸಾಮಾನ್ಯವಾಗಿ ಎರಡು ಕಾಲಂಗಳಲ್ಲಿ ಗೊಂದಲ ಉಂಟಾಗುತ್ತದೆ. ಮೊದಲನೆಯದು ತಿಂಗಳಿಗೆ ಬೇಕಾಗುವ ಬ್ಯಾಂಡ್‌ವಿಡ್ತ್. ಎರಡನೆಯದು ಇ-ಮೇಲ್ ಸರ್ವರ್‌ನ ವಿವರ. ಮೊದಲನೆಯದನ್ನು ಊಹೆಯಿಂದ ಭರ್ತಿ ಮಾಡಿದಲ್ಲಿ, ಫಲಿತಾಂಶ ಪ್ರಕಟವಾದ ದಿನದಂದು ಅಥವಾ ಅರ್ಜಿಯ ಕೊನೆಯ ದಿನಾಂಕದಂದೇ 509 ಸಂಖ್ಯೆಯ ದೋಷಸೂಚನೆಯೊಂದಿಗೆ ತಾಣವು ಸ್ಥಗಿತಗೊಳ್ಳಬಹುದು. ಎರಡನೆಯದು ತಪ್ಪಿದಲ್ಲಿ, ಕಳುಹಿಸಿದ ಉತ್ತರವು ಗಣಕದಲ್ಲಿಯೇ ಉಳಿದು, ಗಡುವು ಮುಗಿದ ನಂತರ ವಿಷಯ ತಿಳಿಯುವ ಸಂಭವವಿರುತ್ತದೆ.

ಬ್ಯಾಂಡ್‌ವಿಡ್ತ್ ಎಂದರೇನು

ಈ ಪದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಅಂತರಜಾಲ ಸಂಪರ್ಕದ ವಿಷಯದಲ್ಲಿ ಅದು ವೇಗವನ್ನು ಸೂಚಿಸುತ್ತದೆ; ಅಳತೆ ಸೆಕೆಂಡಿಗೆ ಮೆಗಾಬಿಟ್. ಹೋಸ್ಟಿಂಗ್ ಅರ್ಜಿಯಲ್ಲಿ ಅದು ಒಂದು ತಿಂಗಳಿನಲ್ಲಿ ಸರ್ವರ್‌ನಿಂದ ಸಾಗುವ ಮಾಹಿತಿಯ ಒಟ್ಟು ಪ್ರಮಾಣವನ್ನು ಸೂಚಿಸುತ್ತದೆ; ಅಳತೆ ಗಿಗಾಬೈಟ್. ಮನೆಗೆ ಬರುವ ನೀರಿನ ಕೊಳವೆಯ ಗಾತ್ರ ಬೇರೆ, ತಿಂಗಳ ಕೊನೆಗೆ ಮೀಟರ್ ತೋರಿಸುವ ಬಳಕೆ ಬೇರೆ. 8 ಬಿಟ್‌ಗಳು ಸೇರಿ 1 ಬೈಟ್ ಆಗುವುದರಿಂದ, ಇವೆರಡನ್ನು ಒಂದೇ ಎಂದು ಭಾವಿಸಿದರೆ ಲೆಕ್ಕವು ಎಂಟು ಪಟ್ಟು ತಪ್ಪುತ್ತದೆ.

ಅಂದಾಜು ಮಾಡುವ ಕ್ರಮ

ಪುಟದ ಸರಾಸರಿ ಗಾತ್ರ, ದಿನದ ಭೇಟಿಗಳ ಸಂಖ್ಯೆ, ಒಂದು ಭೇಟಿಯಲ್ಲಿ ನೋಡುವ ಪುಟಗಳು ಹಾಗೂ ತಿಂಗಳ ದಿನಗಳು, ಈ ನಾಲ್ಕನ್ನು ಗುಣಿಸತಕ್ಕದ್ದು. ಉದಾಹರಣೆಗೆ, ಪುಟದ ಗಾತ್ರ 2 ಮೆಗಾಬೈಟ್, ದಿನಕ್ಕೆ 300 ಭೇಟಿ, ಪ್ರತಿ ಭೇಟಿಗೆ 3 ಪುಟ ಎಂದಿಟ್ಟುಕೊಂಡರೆ ದಿನಕ್ಕೆ 1,800 ಮೆಗಾಬೈಟ್, 30 ದಿನಗಳಿಗೆ 54 ಗಿಗಾಬೈಟ್ ಆಗುತ್ತದೆ. ಇದಕ್ಕೆ ಕಡತಗಳ ಡೌನ್‌ಲೋಡ್ ಅನ್ನು ಪ್ರತ್ಯೇಕವಾಗಿ ಸೇರಿಸಬೇಕು. 1.5 ಮೆಗಾಬೈಟ್ ಗಾತ್ರದ ಅರ್ಜಿ ನಮೂನೆಯನ್ನು ದಿನಕ್ಕೆ 40 ಮಂದಿ ಇಳಿಸಿಕೊಂಡರೆ ತಿಂಗಳಿಗೆ ಇನ್ನೂ 1.8 ಗಿಗಾಬೈಟ್. ಗೂಗಲ್ ಮುಂತಾದ ಶೋಧಕ ಯಂತ್ರಗಳ ರೋಬಾಟ್‌ಗಳು ಪುಟಗಳನ್ನು ಓದುವುದೂ ಇದೇ ಖಾತೆಗೆ ಖರ್ಚು ಬೀಳುತ್ತದೆ. ಆದುದರಿಂದ ಬಂದ ಮೊತ್ತಕ್ಕೆ ಅರ್ಧದಷ್ಟು ಹೆಚ್ಚುವರಿ ಸೇರಿಸುವುದು ಸೂಕ್ತ. ಈ ಉದಾಹರಣೆಯಲ್ಲಿ ಅದು ಸುಮಾರು 84 ಗಿಗಾಬೈಟ್ ಆಗುವುದರಿಂದ 100 ಗಿಗಾಬೈಟ್‌ನ ಯೋಜನೆಯನ್ನು ಕೋರಬಹುದು.

ತಿಂಗಳ ಸರಾಸರಿಯೊಂದನ್ನೇ ನಂಬುವುದು ಸರಿಯಲ್ಲ. ಮೇಲಿನ ತಾಣಕ್ಕೇ ಫಲಿತಾಂಶದ ದಿನ 5,000 ಭೇಟಿಗಳಾದರೆ ಒಂದೇ ದಿನದಲ್ಲಿ 30 ಗಿಗಾಬೈಟ್ ಮುಗಿಯುತ್ತದೆ. ಅದರಲ್ಲಿ 1,000 ಭೇಟಿಗಳು ಒಂದೇ ಗಂಟೆಯಲ್ಲಿ ಬಂದರೆ 6,000 ಮೆಗಾಬೈಟ್, ಅಂದರೆ 48,000 ಮೆಗಾಬಿಟ್ ಸಾಗಬೇಕು. 3,600 ಸೆಕೆಂಡುಗಳಿಂದ ಭಾಗಿಸಿದಾಗ ಸೆಕೆಂಡಿಗೆ 13 ಮೆಗಾಬಿಟ್‌ಗಿಂತ ಹೆಚ್ಚಿನ ವೇಗ ಅವಶ್ಯವೆಂದು ತಿಳಿಯುತ್ತದೆ. "ಅಮಿತ ಬ್ಯಾಂಡ್‌ವಿಡ್ತ್" ಎಂದು ಪ್ರಕಟಿಸುವ ಯೋಜನೆಗಳಲ್ಲಿಯೂ ಸಾಮಾನ್ಯವಾಗಿ ನ್ಯಾಯೋಚಿತ ಬಳಕೆಯ ಷರತ್ತು ಇರುತ್ತದೆ. ಒಪ್ಪಂದಕ್ಕೆ ಸಹಿ ಮಾಡುವ ಮುನ್ನ, ಮಿತಿ ಮೀರಿದಾಗ ತಾಣ ನಿಲ್ಲುವುದೇ ಅಥವಾ ಹೆಚ್ಚುವರಿ ಶುಲ್ಕ ವಿಧಿಸಲಾಗುವುದೇ ಎಂಬುದನ್ನು ಲಿಖಿತವಾಗಿ ಪಡೆಯತಕ್ಕದ್ದು.

ಕನ್ನಡ ಪಠ್ಯ ಮತ್ತು ಸ್ಕ್ಯಾನ್ ಪ್ರತಿ

ಕನ್ನಡದಲ್ಲಿ ಪ್ರಕಟಿಸಿದರೆ ತಾಣ ಭಾರವಾಗುತ್ತದೆಂಬ ಅಭಿಪ್ರಾಯ ಕೆಲವರಲ್ಲಿದೆ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕಾದರೆ, ಕನ್ನಡದ ಪ್ರತಿ ಅಕ್ಷರ ಸಂಕೇತಕ್ಕೆ 3 ಬೈಟ್ ಬೇಕೆಂಬುದು ನಿಜ. ಆದರೂ ಸಾವಿರ ಪದಗಳ ಕನ್ನಡ ಲೇಖನವು ಸುಮಾರು 25 ಕಿಲೋಬೈಟ್ ಮಾತ್ರ. ಸರ್ವರ್‌ನಲ್ಲಿ ಸಂಕುಚನ ಸೌಲಭ್ಯವಿದ್ದರೆ ಇನ್ನೂ ಕಡಿಮೆ. ಮೊಬೈಲಿನಲ್ಲಿ ತೆಗೆದ 3 ಮೆಗಾಬೈಟಿನ ಒಂದು ಛಾಯಾಚಿತ್ರವು ಅಂತಹ ನೂರಕ್ಕೂ ಹೆಚ್ಚು ಲೇಖನಗಳಿಗೆ ಸಮ.

ನಿಜವಾದ ಭಾರವಿರುವುದು ಸ್ಕ್ಯಾನ್ ಮಾಡಿದ ಸುತ್ತೋಲೆಗಳಲ್ಲಿ. ಹಳೆಯ ನುಡಿ ಅಥವಾ ಬರಹ ಅಕ್ಷರ ವಿನ್ಯಾಸದ ಕಡತವು ಓದುಗರ ಗಣಕದಲ್ಲಿ ಸರಿಯಾಗಿ ಮೂಡುವುದಿಲ್ಲವೆಂದು, ಅದನ್ನು ಮುದ್ರಿಸಿ, ಸಹಿ ಮಾಡಿ, ಚಿತ್ರರೂಪದಲ್ಲಿ ತಾಣಕ್ಕೆ ಏರಿಸುವ ರೂಢಿ ಬೆಳೆದು ಬಂದಿದೆ. ಇದರಿಂದ ಗಾತ್ರ ಹಲವು ಪಟ್ಟು ಹೆಚ್ಚುವುದಲ್ಲದೆ, ಪಠ್ಯವನ್ನು ಹುಡುಕಲೂ ಆಗದು, ದೃಷ್ಟಿದೋಷವುಳ್ಳವರ ಓದುಯಂತ್ರಕ್ಕೂ ದೊರೆಯದು. ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸಿ ಪಠ್ಯವಾಗಿಯೇ ಪ್ರಕಟಿಸುವುದು ಎಲ್ಲ ದೃಷ್ಟಿಯಿಂದಲೂ ಮೇಲು.

ಮೊದಲ ಅಂದಾಜು ಆಯವ್ಯಯ ಅಂದಾಜಿನಂತೆಯೇ ಸರಿ. ಎರಡು ಮೂರು ತಿಂಗಳುಗಳ ವಾಸ್ತವ ಅಂಕಿ ಕೈಸೇರಿದ ಬಳಿಕ ಅದನ್ನು ಪರಿಷ್ಕರಿಸಬೇಕು. ಸಿಪ್ಯಾನೆಲ್ ಇರುವ ಹೋಸ್ಟಿಂಗ್‌ನಲ್ಲಿ ಬ್ಯಾಂಡ್‌ವಿಡ್ತ್ ಪುಟವು ಜಾಲತಾಣ, ಇ-ಮೇಲ್ ಮತ್ತು ಕಡತ ವರ್ಗಾವಣೆಯ ಬಳಕೆಯನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಇ-ಮೇಲ್‌ನ ಲಗತ್ತುಗಳು ಸಾಗಣೆಗಾಗಿ ಪಠ್ಯರೂಪಕ್ಕೆ ಬದಲಾಗುವಾಗ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತವೆ. 15 ಮೆಗಾಬೈಟ್‌ನ ಲಗತ್ತು ಸುಮಾರು 20 ಮೆಗಾಬೈಟ್ ಆಗುತ್ತದೆ.

ಇ-ಮೇಲ್ ಸರ್ವರ್ ವಿವರ ಪಡೆಯುವ ವಿಧಾನ

ಇ-ಮೇಲ್‌ಗೆ ಒಳಬರುವ ಮತ್ತು ಹೊರಹೋಗುವ ಎಂಬ ಎರಡು ಸರ್ವರ್‌ಗಳ ವಿವರ ಅವಶ್ಯ. ಒಳಬರುವ ಪತ್ರಗಳಿಗೆ ಐಮ್ಯಾಪ್ ಅಥವಾ ಪಾಪ್ ಪದ್ಧತಿ ಇದೆ. ಐಮ್ಯಾಪ್‌ನಲ್ಲಿ ಪತ್ರಗಳು ಸರ್ವರ್‌ನಲ್ಲಿಯೇ ಉಳಿಯುತ್ತವೆ. ಪಾಪ್‌ನಲ್ಲಿ ಅವು ಗಣಕಕ್ಕೆ ಇಳಿಯುತ್ತವೆ. ಪ್ರತಿಯನ್ನು ಸರ್ವರ್‌ನಲ್ಲಿ ಉಳಿಸುವ ಆಯ್ಕೆ ಮಾಡದಿದ್ದರೆ ಅಲ್ಲಿಂದ ಅಳಿಸಿಹೋಗಬಹುದು. ಕಾರ್ಯದರ್ಶಿ ಮತ್ತು ಅಧ್ಯಕ್ಷರು ಒಂದೇ ಖಾತೆಯನ್ನು ನೋಡುವ ಸಂಘಗಳಿಗೆ ಐಮ್ಯಾಪ್ ಯೋಗ್ಯ.

ಗೂಢಲಿಪಿ ಸಹಿತವಾಗಿ ಐಮ್ಯಾಪ್‌ಗೆ 993, ಪಾಪ್‌ಗೆ 995, ಹೊರಹೋಗುವ ಎಸ್‌ಎಂಟಿಪಿಗೆ 465 ಅಥವಾ 587 ಪೋರ್ಟ್ ಸಂಖ್ಯೆಗಳು ರೂಢಿಯಲ್ಲಿವೆ. 25ನೇ ಪೋರ್ಟ್ ಸರ್ವರ್‌ಗಳ ನಡುವಿನ ಸಾಗಣೆಗೆ ಮೀಸಲಾಗಿದ್ದು, ಅನೇಕ ಅಂತರಜಾಲ ಸೇವಾದಾರರು ಮನೆಯ ಸಂಪರ್ಕಗಳಲ್ಲಿ ಅದನ್ನು ತಡೆಹಿಡಿದಿರುತ್ತಾರೆ. ಪತ್ರ ಬರುತ್ತದೆ, ಆದರೆ ಹೋಗುವುದಿಲ್ಲ ಎಂಬ ದೂರು ಇದ್ದಲ್ಲಿ ಮೊದಲು ಈ ಸಂಖ್ಯೆಯನ್ನು ಪರಿಶೀಲಿಸತಕ್ಕದ್ದು.

ಸ್ವಂತ ಡೊಮೇನ್ ಹೆಸರಿದ್ದಲ್ಲಿ, ಸಿಪ್ಯಾನೆಲ್‌ನ ಇ-ಮೇಲ್ ಅಕೌಂಟ್ಸ್ ಪುಟದಲ್ಲಿ ಕನೆಕ್ಟ್ ಡಿವೈಸಸ್ ಎಂಬುದನ್ನು ಒತ್ತಿದರೆ ಎಲ್ಲ ವಿವರವೂ ದೊರೆಯುತ್ತದೆ. ಇ-ಮೇಲ್ ಯಾರ ಬಳಿ ಇದೆಯೆಂಬುದೇ ತಿಳಿಯದಿದ್ದಲ್ಲಿ (ತಾಣ ನಿರ್ಮಿಸಿದವರು ಊರು ಬಿಟ್ಟಿರುವ ಪ್ರಕರಣಗಳು ಅಪರೂಪವಲ್ಲ) ಡೊಮೇನ್‌ನ ಎಂಎಕ್ಸ್ ದಾಖಲೆಯನ್ನು ನೋಡಬಹುದು. ವಿಂಡೋಸ್ ಗಣಕದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ ಆದೇಶಕ್ಕೆ ಎಂಎಕ್ಸ್ ಬಗೆಯನ್ನು ಸೂಚಿಸಿ ಡೊಮೇನ್ ಹೆಸರು ಕೊಟ್ಟರೆ ಅದು ಕಾಣುತ್ತದೆ. ಆದರೆ ಈ ಹೆಸರು ಸೇವಾದಾರರನ್ನು ಗುರುತಿಸಲು ಮಾತ್ರ. ಅದನ್ನೇ ಐಮ್ಯಾಪ್ ಸರ್ವರ್ ಎಂದು ನಮೂದಿಸಬಾರದು.

ಜಿಮೇಲ್‌ಗೆ ಒಳಬರುವ ಸರ್ವರ್ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಹೊರಹೋಗುವುದು ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್. 2022ರ ಮೇ 30ರಿಂದ ವೈಯಕ್ತಿಕ ಜಿಮೇಲ್ ಖಾತೆಗಳಲ್ಲಿ ಬಳಕೆದಾರರ ಹೆಸರು ಹಾಗೂ ಮಾಮೂಲಿ ಪಾಸ್‌ವರ್ಡ್ ಮಾತ್ರ ಕೇಳುವ ತಂತ್ರಾಂಶಗಳಿಗೆ ಪ್ರವೇಶ ನಿಲ್ಲಿಸಲಾಗಿದೆ. ಅಂತಹ ಹಳೆಯ ತಂತ್ರಾಂಶ ಬಳಸುವವರು ಎರಡು ಹಂತದ ಪರಿಶೀಲನೆಯನ್ನು ಚಾಲನೆಗೊಳಿಸಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಎಲ್ಲ ವಿವರ ಸರಿಯಿದ್ದೂ ಪಾಸ್‌ವರ್ಡ್ ತಪ್ಪೆಂಬ ಸೂಚನೆ ಬರಲು ಇದು ಒಂದು ಪ್ರಮುಖ ಕಾರಣ.

ಬಳಕೆದಾರರ ಹೆಸರಿನ ಸ್ಥಳದಲ್ಲಿ ಹೆಚ್ಚಿನ ಸೇವೆಗಳಲ್ಲಿ ಪೂರ್ಣ ಇ-ಮೇಲ್ ವಿಳಾಸವನ್ನು ಬರೆಯಬೇಕು. ಪ್ರಮಾಣಪತ್ರದ ಹೆಸರು ಹೊಂದುತ್ತಿಲ್ಲವೆಂಬ ಎಚ್ಚರಿಕೆ ಕಂಡಲ್ಲಿ ಅದನ್ನು ಒಪ್ಪಿ ಮುಂದುವರಿಯದೆ, ಸರಿಯಾದ ಸರ್ವರ್ ಹೆಸರನ್ನು ಸೇವಾದಾರರಿಂದ ಕೇಳಿ ಪಡೆಯತಕ್ಕದ್ದು. ಈ ವಿವರಗಳನ್ನು ಕೇಳಲು ಅಥವಾ ಕೊಡಲು ಪಾಸ್‌ವರ್ಡ್‌ನ ಅವಶ್ಯಕತೆ ಇರುವುದಿಲ್ಲ. ದೂರವಾಣಿಯಲ್ಲಿ ಯಾರೇ ಕೇಳಿದರೂ ಅದನ್ನು ತಿಳಿಸತಕ್ಕದ್ದಲ್ಲ.