ಭದ್ರಾತೀರದ ಕಾಲುದಾರಿ ಮತ್ತು ಅಗಸ್ತ್ಯ ಸಂಪ್ರದಾಯ

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದ ಭಕ್ತನಿಗೆ ತೀರ್ಥಯಾತ್ರೆಯಿಂದ ಆಗಬೇಕಾದುದೇನು ಎಂಬ ಪ್ರಶ್ನೆ ವೀರಶೈವ ಸಾಹಿತ್ಯದಲ್ಲಿ ಹೊಸದಲ್ಲ. 12ನೆಯ ಶತಮಾನದ ಶರಣರು ತೀರ್ಥಕ್ಷೇತ್ರಗಳ ಬಾಹ್ಯಾಚರಣೆಯನ್ನು ನಿಷ್ಠುರವಾಗಿ ವಿಮರ್ಶಿಸಿದ್ದಾರೆ. ಆದರೂ ಧರ್ಮದ ಪ್ರಮುಖ ಸ್ಥಾನಗಳಲ್ಲಿ ಕೆಲವು ನದೀತೀರದಲ್ಲಿಯೇ ನೆಲೆಗೊಂಡಿವೆ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಕೃಷ್ಣಾ-ಮಲಪ್ರಭೆಗಳು ಕೂಡುವೆಡೆಯಲ್ಲಿದೆ. ಪಂಚಪೀಠಗಳಲ್ಲಿ ಒಂದಾದ ಶ್ರೀಮದ್ರಂಭಾಪುರಿ ವೀರಸಿಂಹಾಸನ ಪೀಠ ಬಾಳೆಹೊನ್ನೂರಿನಲ್ಲಿ ಭದ್ರಾನದಿಯ ದಡದಲ್ಲಿದೆ. ನೀರಿನಲ್ಲಿ ಪುಣ್ಯವನ್ನರಸದ ಧರ್ಮಕ್ಕೆ ಹೊಳೆಯ ದಂಡೆಯೊಡನೆ ಇರುವ ಈ ನಂಟಿನ ಅರ್ಥವೇನು? ಈ ಪ್ರಶ್ನೆಗೆ ಶಾಸ್ತ್ರದಿಂದ ಉತ್ತರ ಹೇಳುವುದುಂಟು. ಇತಿಹಾಸದಿಂದಲೂ ಹೇಳಲು ಸಾಧ್ಯ. ಕಳಸದಿಂದ ಬಾಳೆಹೊನ್ನೂರಿನತ್ತ ಭದ್ರೆಯ ಜೊತೆಯಲ್ಲಿ ಸಾಗುವ ದಾರಿಯೇ ಅದಕ್ಕೆ ಆಧಾರ.

ಈ ದಾರಿಯ ಸ್ವರೂಪ ಸ್ಪಷ್ಟವಾಗಬೇಕಾದರೆ ಮೊದಲು ಬಯಲುಸೀಮೆಯ ಮಲಪ್ರಭಾ ಕಣಿವೆಯನ್ನು ನೆನೆಯಬೇಕು. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳ ನಡುವಿನಿಂದ ಗುಡ್ಡ ಹತ್ತಿ ಮಹಾಕೂಟಕ್ಕೆ ಇಳಿದು, ಅಲ್ಲಿಂದ ನದಿಯ ದಡದ ಪಟ್ಟದಕಲ್ಲು, ಐಹೊಳೆಗಳನ್ನು ಸೇರಿ, ಮುಂದೆ ಸಂಗಮದವರೆಗೆ ನಡೆದರೆ ಕರ್ನಾಟಕದ ಧಾರ್ಮಿಕ ಇತಿಹಾಸದ ಬಹುಭಾಗ ಕಣ್ಣೆದುರು ಬಂದು ನಿಲ್ಲುತ್ತದೆ. ಮರಳುಗಲ್ಲು ಉಳಿಗೆ ಒಲಿಯುವ ಕಲ್ಲು. ಆದುದರಿಂದಲೇ ಚಾಲುಕ್ಯರ ಕಾಲದಲ್ಲಿ ಬಾದಾಮಿಯ ಒಂದೇ ಬೆಟ್ಟದ ಪಾರ್ಶ್ವದಲ್ಲಿ ಶೈವ, ವೈಷ್ಣವ, ಜೈನ ಗುಹಾಲಯಗಳು ಒಂದರ ಬಳಿ ಒಂದು ಕೊರೆಯಲ್ಪಟ್ಟವು. ಅವುಗಳಲ್ಲಿ ಮೂರನೆಯದು ಮಂಗಲೇಶನ ಕ್ರಿ.ಶ. 578ರ ಶಾಸನವನ್ನು ಹೊಂದಿದೆ. ಗುಹೆಗಳ ಎದುರಿನ ಕೆರೆಗೆ ಅಗಸ್ತ್ಯತೀರ್ಥವೆಂದು ಹೆಸರು. ವಾತಾಪಿಯನ್ನು ಜೀರ್ಣಿಸಿಕೊಂಡ ಮುನಿಯ ಕಥೆ ಊರಿನ ಹೆಸರಿನಲ್ಲಿಯೇ ಉಳಿದುಬಂದಿದೆ.

ಅದೇ ಅಗಸ್ತ್ಯಮುನಿ ಮಲೆನಾಡಿನ ಕಳಸದಲ್ಲಿಯೂ ಕಾಣಿಸಿಕೊಳ್ಳುತ್ತಾನೆ. ಆದರೆ ಇಲ್ಲಿಯ ಕಲ್ಲು ಬೇರೆ. ಕುದುರೆಮುಖದ ಶ್ರೇಣಿ ಕಬ್ಬಿಣದ ಅದಿರು ಬೆರೆತ ಕಠಿಣಶಿಲೆಯ ಶ್ರೇಣಿ. ಉಳಿಗೆ ಸುಲಭವಾಗಿ ಮಣಿಯದ ಈ ಶಿಲೆಯನ್ನು ಕೊರೆಯುವ ಕೆಲಸವನ್ನು ನದಿಯೇ ಮಾಡಿದೆ. ಮಲಪ್ರಭೆಯ ತೀರದಲ್ಲಿ ಧರ್ಮದ ಚರಿತ್ರೆ ಶಿಲ್ಪವಾಗಿ ನಿಂತಿದ್ದರೆ, ಭದ್ರೆಯ ತೀರದಲ್ಲಿ ಅದು ಶಾಸನವಾಗಿ, ಸ್ಥಳನಾಮವಾಗಿ, ನಡೆದಾಡಿದ ದಾರಿಯಾಗಿ ಉಳಿದಿದೆ.

ವರಾಹಪರ್ವತದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುತ್ತವೆ. ನೇತ್ರಾವತಿ ಪಡುವಣಕ್ಕೆ ಇಳಿದು ಕಡಲನ್ನು ಸೇರುತ್ತದೆ. ತುಂಗೆ ಶೃಂಗೇರಿ, ತೀರ್ಥಹಳ್ಳಿಗಳ ಮಾರ್ಗವಾಗಿ ಹರಿದರೆ, ಭದ್ರೆ ಕಳಸ, ಮಾಗುಂಡಿ, ಬಾಳೆಹೊನ್ನೂರು, ಖಾಂಡ್ಯಗಳ ಮೂಲಕ ಸಾಗಿ ಕೂಡ್ಲಿಯಲ್ಲಿ ಅಕ್ಕನನ್ನು ಕೂಡಿಕೊಳ್ಳುತ್ತದೆ. ಬಹುಕಾಲ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಳಸವನ್ನು ಭದ್ರೆ ಬಳಸಿ ಹರಿಯುತ್ತದೆ. ಅಲ್ಲಿಯ ಸುತ್ತಿನಲ್ಲಿ ವಸಿಷ್ಠತೀರ್ಥ, ನಾಗತೀರ್ಥ, ಕೋಟಿತೀರ್ಥ, ರುದ್ರತೀರ್ಥ, ಅಂಬಾತೀರ್ಥಗಳೆಂಬ ಪಂಚತೀರ್ಥಗಳಿವೆ. ಇವುಗಳನ್ನು ದರ್ಶಿಸುವ ಯಾತ್ರಿಕನು ನದಿಯ ಜೊತೆಯಲ್ಲಿಯೇ ಊರನ್ನು ಸುತ್ತಬೇಕಾಗುತ್ತದೆ.

ಶ್ರೀ ಕಳಸೇಶ್ವರನ ಸ್ಥಳಪುರಾಣ ಪ್ರಸಿದ್ಧವಾದುದು. ಶಿವಪಾರ್ವತಿಯರ ವಿವಾಹಕ್ಕೆ ದೇವತೆಗಳೆಲ್ಲರೂ ಉತ್ತರದಲ್ಲಿ ನೆರೆದಾಗ ಭೂಮಿಯ ಸಮತೋಲ ತಪ್ಪಿತು. ಅದನ್ನು ಸರಿಪಡಿಸಲು ಅಗಸ್ತ್ಯನು ಶಿವಾಜ್ಞೆಯಂತೆ ದಕ್ಷಿಣಕ್ಕೆ ನಡೆದು ಬಂದನು. ವಿವಾಹವನ್ನು ನೋಡುವ ಭಾಗ್ಯ ತಪ್ಪಿದ ಆತನಿಗೆ ಇಲ್ಲಿಯೇ ಅದರ ದರ್ಶನವಾಯಿತು. ಕಲಶದಲ್ಲಿ ಲಿಂಗವು ಒಡಮೂಡಿತು. ಗಿರಿಜಾಕಲ್ಯಾಣ ಇಂದಿಗೂ ಈ ಕ್ಷೇತ್ರದ ದೊಡ್ಡ ಉತ್ಸವ. ಈ ಕಥೆ ಇತಿಹಾಸವಲ್ಲ, ಐತಿಹ್ಯ. ಆದರೆ ಐತಿಹ್ಯದ ತಿರುಳು ಗಮನಾರ್ಹವಾಗಿದೆ. ಉತ್ಸವವನ್ನು ಬಿಟ್ಟು ಲೋಕಹಿತಕ್ಕಾಗಿ ನಡೆದವನಿಗೆ ಉತ್ಸವವೇ ಎದುರು ಬಂದಿತೆಂಬುದು ಅದರ ಅಭಿಪ್ರಾಯ.

ಇತಿಹಾಸ ಆರಂಭವಾಗುವುದು ಶಾಸನಗಳಿಂದ. ಕಡೂರು ಜಿಲ್ಲೆಯೆಂದು ಆಗ ಹೆಸರಿದ್ದ ಈ ಪ್ರದೇಶದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಇವುಗಳಿಂದ ತಿಳಿದುಬರುವ ಮುಖ್ಯ ಸಂಗತಿಯೆಂದರೆ, ಕಳಸ ನಾಡನ್ನು ಆಳಿದವರು ಹೊಂಬುಜದ ಸಾಂತರರ ಪರಂಪರೆಯನ್ನು ಹೇಳಿಕೊಳ್ಳುವ ಜೈನ ಅರಸರು. 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಳಲ ಮಹಾದೇವಿ ಎಂಬ ರಾಣಿಯರೇ ಇಲ್ಲಿ ರಾಜ್ಯಭಾರ ಮಾಡಿದರು. ಘಟ್ಟದ ಮೇಲೆ ಕಳಸ, ಘಟ್ಟದ ಕೆಳಗೆ ಕಾರ್ಕಳ ಹೀಗೆ ಎರಡು ನೆಲೆಗಳಿಂದ ಆಳಿದ ಈ ಮನೆತನದ ವೀರಪಾಂಡ್ಯ ಭೈರರಸನು ಕ್ರಿ.ಶ. 1432ರಲ್ಲಿ ಕಾರ್ಕಳದ ಸುಮಾರು 42 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದನು. 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದವನೂ ಇದೇ ವಂಶದ ಇಮ್ಮಡಿ ಭೈರರಸ ಒಡೆಯ. ಘಟ್ಟದ ಕೆಳಗೆ ಬಾಹುಬಲಿಯನ್ನು ನಿಲ್ಲಿಸಿದ ಮನೆತನವೇ ಘಟ್ಟದ ಮೇಲೆ ಕಳಸನಾಥನಿಗೆ ದತ್ತಿಗಳನ್ನು ಬಿಟ್ಟಿತು. ಅರಸನ ಮತವೊಂದು, ನಾಡಿನ ದೈವವೊಂದು. ಆದರೂ ಅರಸನು ದೈವದ ಸೇವಕನೇ ಆಗಿದ್ದನು.

ಇದು ಒಂದೆಡೆಯ ವಿಶೇಷವೆಂದು ಭಾವಿಸಬೇಕಾಗಿಲ್ಲ. ಘಟ್ಟವನ್ನಿಳಿದು ನೇತ್ರಾವತಿಯ ತೀರಕ್ಕೆ ಹೋದರೆ ಧರ್ಮಸ್ಥಳದಲ್ಲಿ ಶಿವನ ದೇವಾಲಯ, ಜೈನ ಹೆಗ್ಗಡೆಯವರ ಧರ್ಮಾಧಿಕಾರ, ಮಾಧ್ವ ಅರ್ಚಕರ ಪೂಜೆ ಒಂದೇ ಆವರಣದಲ್ಲಿ ಕೂಡಿವೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಅಲ್ಲಿ ವಾಸಂತಿಕಾ ದೇವಿಯ ಗುಡಿಯೂ ಜೈನ ಬಸದಿಗಳೂ ಒಂದೇ ಊರಿನಲ್ಲಿವೆ. ಸಳನ ಕಥೆಯಲ್ಲಿಯೂ ಜೈನಮುನಿಯೂ ದೇವಿಯ ಸನ್ನಿಧಿಯೂ ಜೊತೆಯಾಗಿಯೇ ಬರುತ್ತವೆ.

ಕಳಸದ ಪಂಚತೀರ್ಥಗಳಲ್ಲಿ ಅಂಬಾತೀರ್ಥ ಇನ್ನೊಂದು ಸಾಕ್ಷಿಯನ್ನು ಒದಗಿಸುತ್ತದೆ. ಅಲ್ಲಿ ಭದ್ರೆ ಕಲ್ಲುಗಳ ನಡುವೆ ಇಕ್ಕಟ್ಟಾಗಿ ನುಗ್ಗುತ್ತದೆ. ದಡದಲ್ಲಿ ಬಂಡೆಯ ಮೇಲೊಂದು ದೊಡ್ಡ ಬಂಡೆ ಕುಳಿತಿದೆ. 13ನೆಯ ಶತಮಾನದ ದ್ವೈತಾಚಾರ್ಯರಾದ ಶ್ರೀ ಮಧ್ವರು ಅದನ್ನು ಒಂದೇ ಕೈಯಿಂದ ತಂದು ಇರಿಸಿದರೆಂದು ಬಂಡೆಯ ಮೇಲಿನ ಸಂಸ್ಕೃತ ಬರಹ ಹೇಳುತ್ತದೆ. ಹೀಗೆ ಜೈನ ಅರಸರ ನಾಡಿನಲ್ಲಿ, ಶಿವಕ್ಷೇತ್ರದ ಸೆರಗಿನಲ್ಲಿ, ವೈಷ್ಣವ ಆಚಾರ್ಯರ ಸ್ಮಾರಕವೊಂದು ಮಳೆಗಾಳಿಗಳನ್ನು ಎದುರಿಸಿ ಉಳಿದಿದೆ. ಕಳಸದಿಂದ ಸುಮಾರು 8 ಕಿಲೋಮೀಟರ್ ದೂರದ ಹೊರನಾಡಿನಲ್ಲಿ ಶ್ರೀ ಅನ್ನಪೂರ್ಣೇಶ್ವರಿಯ ಸನ್ನಿಧಿಯಿದೆ. 1973ರಲ್ಲಿ ಪುನಃಪ್ರತಿಷ್ಠೆಯಾದ ಈ ಕ್ಷೇತ್ರದಲ್ಲಿ ಬಂದವರೆಲ್ಲರಿಗೂ ಅನ್ನವಿಕ್ಕುವುದೇ ಮುಖ್ಯ ಸೇವೆ. ವೀರಶೈವ ಮಠಗಳ ದಾಸೋಹಕ್ಕೂ ಇದಕ್ಕೂ ಹೆಸರು ಬೇರೆಯಾದರೂ ಆಶಯ ಹತ್ತಿರವಾದುದು.

ಕಳಸವನ್ನು ಬಿಟ್ಟು ಹೊಳೆಯ ಇಳಿಮುಖವಾಗಿ ಸಾಗಿದರೆ ಮಾಗುಂಡಿ, ಮುಂದೆ ಬಾಳೆಹೊನ್ನೂರು. ರಂಭೆಯೆಂದರೆ ಬಾಳೆ, ರಂಭಾಪುರಿ ಎಂಬ ಸಂಸ್ಕೃತ ಹೆಸರಿನಲ್ಲಿ ಕನ್ನಡದ ಊರಹೆಸರೇ ಅಡಗಿದೆ. ಈ ಪೀಠದ ಮೂಲಪುರುಷರು ಶ್ರೀ ಜಗದ್ಗುರು ರೇಣುಕಾಚಾರ್ಯರು. ಕೊಲ್ಲಿಪಾಕಿಯ ಸೋಮೇಶ್ವರಲಿಂಗದಿಂದ ಅವರು ಪ್ರಾದುರ್ಭವಿಸಿ, ಮಲಯಾಚಲದ ಆಶ್ರಮದಲ್ಲಿದ್ದ ಅಗಸ್ತ್ಯನಿಗೆ 101 ಸ್ಥಲಗಳ ರೂಪದಲ್ಲಿ ಶಿವಾದ್ವೈತವನ್ನು ಬೋಧಿಸಿದರೆಂದು ಶಿವಯೋಗಿ ಶಿವಾಚಾರ್ಯರ ಶ್ರೀ ಸಿದ್ಧಾಂತಶಿಖಾಮಣಿ ನಿರೂಪಿಸುತ್ತದೆ. ಕಳಸದಲ್ಲಿ ಲಿಂಗವನ್ನು ಕಂಡವನು ಅಗಸ್ತ್ಯ. ರೇಣುಕರ ಎದುರಿನಲ್ಲಿ ಶಿಷ್ಯನಾಗಿ ಕುಳಿತು ಲಿಂಗತತ್ತ್ವವನ್ನು ಕೇಳಿದವನೂ ಅಗಸ್ತ್ಯ. ಒಂದೇ ನದಿಯ ದಡದ ಎರಡು ಕ್ಷೇತ್ರಗಳು ಒಬ್ಬನೇ ಮುನಿಯನ್ನು ತಮ್ಮ ಪರಂಪರೆಯಲ್ಲಿ ಕಾಪಾಡಿಕೊಂಡು ಬಂದಿವೆ.

ಇಷ್ಟರಿಂದಲೇ ಸಿದ್ಧಾಂತಶಿಖಾಮಣಿಯ ಮಲಯಾಚಲವೇ ಕಳಸದ ಬೆಟ್ಟವೆಂದು ಸಾಧಿಸಹೊರಡುವುದು ಯುಕ್ತವಲ್ಲ. ಪುರಾಣಭೂಗೋಳದಲ್ಲಿ ಮಲಯವೆಂದರೆ ಪಶ್ಚಿಮಘಟ್ಟಗಳ ದಕ್ಷಿಣದ ಭಾಗ. ಐತಿಹ್ಯವನ್ನು ಭೂಪಟಕ್ಕೆ ಮೊಳೆ ಹೊಡೆದು ನಿಲ್ಲಿಸಿದರೆ ಐತಿಹ್ಯವೂ ಕೆಡುತ್ತದೆ, ಇತಿಹಾಸವೂ ಕೆಡುತ್ತದೆ. ಗಮನಿಸಬೇಕಾದುದು ಬೇರೊಂದು ಅಂಶ. ಬಾದಾಮಿಯಲ್ಲಿಯೂ ಕಳಸದಲ್ಲಿಯೂ ಸಿದ್ಧಾಂತಶಿಖಾಮಣಿಯಲ್ಲಿಯೂ ಅಗಸ್ತ್ಯನು ದಕ್ಷಿಣಕ್ಕೆ ನಡೆದು ಬಂದವನು. ರೇಣುಕರೂ ಅವನಿದ್ದಲ್ಲಿಗೆ ತಾವೇ ಬಂದು ಬೋಧಿಸಿದವರು. ಗುರುವು ಶಿಷ್ಯನನ್ನು ಅರಸಿ ಬರುವ ಈ ಸನ್ನಿವೇಶ ವೀರಶೈವದ ಒಂದು ಮೂಲಭಾವವನ್ನು ತೋರಿಸುತ್ತದೆ. ಅಷ್ಟಾವರಣಗಳಲ್ಲಿ ಒಂದಾದ ಜಂಗಮ ಎಂಬ ಪದಕ್ಕೆ ಚಲಿಸುವುದು ಎಂದೇ ಅರ್ಥ. ಪಾದೋದಕವು ಪವಿತ್ರವಾಗುವುದು ಗುರುಜಂಗಮರ ಪಾದದಿಂದ. ಆ ಪಾದ ಭಕ್ತನ ಮನೆಯವರೆಗೆ ನಡೆದು ಬಂದ ಪಾದ.

ಭೈರರಸರ ಪ್ರಾಬಲ್ಯ ಕುಗ್ಗಿದ ಬಳಿಕ ಈ ಮಲೆಗಳಲ್ಲಿ ಪ್ರಬಲರಾದ ಕೆಳದಿಯ ಅರಸರು ವೀರಶೈವರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವವರೆಗೆ ನಡೆದ ಅವರ ಆಳಿಕೆಯಲ್ಲಿ ಸ್ವಮತದ ಮಠಗಳಂತೆಯೇ ಶೃಂಗೇರಿಯ ಮಠಕ್ಕೂ ಆಶ್ರಯ ದೊರೆಯಿತು. ಜೈನರು ಶಿವನಿಗೆ ಸಲ್ಲಿಸಿದ ಗೌರವವನ್ನು ವೀರಶೈವರು ಸ್ಮಾರ್ತಪೀಠಕ್ಕೆ ಸಲ್ಲಿಸಿದರು. ಘಟ್ಟದ ದಾರಿಗಳಲ್ಲಿ ಅಡಕೆ, ಮೆಣಸು ಇಳಿದು, ಉಪ್ಪು ಏರಿ ಬರುತ್ತಿದ್ದ ಕಾಲದಲ್ಲಿ ಹೇರಿನ ಎತ್ತುಗಳೂ ಜಂಗಮರೂ ಬೈರಾಗಿಗಳೂ ಜೈನಯಾತ್ರಿಕರೂ ಒಂದೇ ಜಾಡಿನಲ್ಲಿ ನಡೆಯಬೇಕಾಗಿತ್ತು. ಒಂದೇ ಕಡವಿನಲ್ಲಿ ದೋಣಿಗಾಗಿ ಕಾಯಬೇಕಾಗಿತ್ತು. ಪರಮತದ ದೇಗುಲವನ್ನು ಕಾಣದೆ ತನ್ನ ದೇಗುಲವನ್ನು ತಲಪುವುದು ಆ ದಾರಿಯಲ್ಲಿ ಯಾರಿಗೂ ಸಾಧ್ಯವಿರಲಿಲ್ಲ.

19ನೆಯ ಶತಮಾನದಲ್ಲಿ ಕಾಫಿ ತೋಟಗಳು ಹಬ್ಬಿದಾಗ ಹಳೆಯ ಜಾಡುಗಳು ಕೆಲವು ತೋಟದ ರಸ್ತೆಗಳಾದವು, ಕೆಲವು ಬೇಲಿಯೊಳಗೆ ಸೇರಿಹೋದವು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರಲ್ಲಿ ಪೂರ್ಣಗೊಂಡು, ಖಾಂಡ್ಯದ ಶ್ರೀ ಮಾರ್ಕಂಡೇಶ್ವರ ಸನ್ನಿಧಿಯಿಂದ ಕೆಳಗಣ ಕಣಿವೆಯ ಹಲವು ಹಳ್ಳಿಗಳೂ ದಾರಿಗಳೂ ನೀರಿನಲ್ಲಿ ಮುಳುಗಿದವು. ಕೂಡಲಸಂಗಮದಲ್ಲಿಯೂ ನಾರಾಯಣಪುರ ಜಲಾಶಯದ ನೀರು ಏರಿ ಬಂದಾಗ ಐಕ್ಯಮಂಟಪದ ಸುತ್ತ ಗೋಡೆಯೆತ್ತಿ ಅದನ್ನು ರಕ್ಷಿಸಲಾಯಿತು. ಮಂಟಪಕ್ಕೆ ಗೋಡೆ ಕಟ್ಟಬಹುದು, ದಾರಿಗೆ ಕಟ್ಟಲಾಗದು. ಭದ್ರೆಯ ಮೇಲಣ ಕಣಿವೆಯಲ್ಲಿ 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಂತಿತು. 1987ರಲ್ಲಿಯೇ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿತ್ತು.

ಇಂದಿನ ಯಾತ್ರಿಕನು ವಾಹನದಲ್ಲಿ ಬಂದು ದೇವಾಲಯದ ಬಾಗಿಲಲ್ಲಿ ಇಳಿಯುತ್ತಾನೆ. ಹೊರನಾಡಿನ ದಾರಿಯ ಹೆಬ್ಬಾಳೆಯ ತಗ್ಗು ಸೇತುವೆ ಮಳೆಗಾಲದಲ್ಲಿ ಮುಳುಗಿದಾಗ ಮಾತ್ರ ಹೊಳೆಯೊಂದಿದೆ ಎಂಬುದು ಅವನ ಅರಿವಿಗೆ ಬರುತ್ತಿತ್ತು. ವಾಹನದಿಂದ ವೃದ್ಧರಿಗೂ ಅಶಕ್ತರಿಗೂ ದರ್ಶನ ಸುಲಭವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ತನ್ನ ಕ್ಷೇತ್ರವೊಂದನ್ನೇ ನೋಡಿ ಹಿಂದಿರುಗುವವನಿಗೆ, ಕಳಸನಾಥನ ದತ್ತಿಯ ಹಿಂದೆ ಜೈನ ಅರಸರಿದ್ದರೆಂಬುದಾಗಲಿ, ಅಗಸ್ತ್ಯನು ಎರಡು ಪರಂಪರೆಗಳಿಗೂ ಸೇರಿದವನೆಂಬುದಾಗಲಿ ತಿಳಿಯುವ ಸಂದರ್ಭವೇ ಒದಗುವುದಿಲ್ಲ. ಒಂದು ಕ್ಷೇತ್ರ ಒಂದೇ ಮತದ ಸೊತ್ತೆಂಬ ಭಾವನೆ ಬೇರೂರುವುದು ಇಂತಹ ಅಜ್ಞಾನದಲ್ಲಿ.

ಇಷ್ಟಲಿಂಗಧಾರಿಗೆ ಹೊಳೆಯ ದಂಡೆಯಿಂದ ಆಗುವ ಪ್ರಯೋಜನವೇನೆಂಬ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿ ದೊರೆಯುತ್ತದೆ. ಲಿಂಗಕ್ಕಾಗಿ ಅವನು ಎಲ್ಲಿಗೂ ಹೋಗಬೇಕಾಗಿಲ್ಲ. ನೆರೆಯವನನ್ನು ಅರಿಯಲು ಮಾತ್ರ ನಡೆಯಬೇಕು. ಆದುದರಿಂದ ಮಠಗಳ ಪಾಠಶಾಲೆಗಳೂ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳೂ 1901ರ ಸಂಪುಟವನ್ನು ಕೈಯಲ್ಲಿ ಹಿಡಿದು, ಕಳಸದಿಂದ ಖಾಂಡ್ಯದವರೆಗಿನ ಶಾಸನಗಳನ್ನು ಸ್ಥಳದಲ್ಲಿಯೇ ಮತ್ತೊಮ್ಮೆ ಓದಿ, ಕಡವುಗಳ, ಜಾಡುಗಳ ಹೆಸರುಗಳನ್ನು ಹಿರಿಯರ ಬಾಯಿಂದ ಬರೆದುಕೊಳ್ಳುವ ಕೆಲಸ ತುರ್ತಾಗಿ ಆಗಬೇಕಾಗಿದೆ. ಕಲ್ಲಿನ ಬರಹ ಇನ್ನಷ್ಟು ಕಾಲ ನಿಂತೀತು. ಹೆಸರುಗಳನ್ನು ಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.