ಲೈನ್ ನಿಲ್ಲಿಸುವ ಅಧಿಕಾರ: ಲೀನ್ ಉತ್ಪಾದನೆ ನಡೆದು ಬಂದ ದಾರಿ

ಗೋದಾಮಿನಲ್ಲಿ ತುಂಬಿರುವ ಸರಕನ್ನು ಲೆಕ್ಕಪತ್ರದಲ್ಲಿ ಆಸ್ತಿಯ ಕಡೆ ಬರೆಯುತ್ತಾರೆ. ಕಾರ್ಖಾನೆ ನಡೆಸುವವರೂ ಬಹಳ ಕಾಲ ಸ್ಟಾಕ್ ಇದ್ದರೆ ಧೈರ್ಯ ಎಂದೇ ನಂಬಿದ್ದರು. ಬೇಕಾದದ್ದನ್ನು, ಬೇಕಾದ ಹೊತ್ತಿಗೆ, ಬೇಕಾದಷ್ಟೇ ತಯಾರಿಸಬೇಕು, ಮಿಕ್ಕಿದ್ದೆಲ್ಲ ಪೋಲು ಎನ್ನುವ ಲೀನ್ ಉತ್ಪಾದನಾ ಪದ್ಧತಿ ಆ ನಂಬಿಕೆಯನ್ನೇ ಬುಡಮೇಲು ಮಾಡಿತು. ಕಾರು ಕಾರ್ಖಾನೆಯಲ್ಲಿ ಬೆಳೆದ ಈ ವಿಚಾರ ಇಂದು ಆಸ್ಪತ್ರೆ, ಸಾಫ್ಟ್‌ವೇರ್, ಕಟ್ಟಡ ನಿರ್ಮಾಣದವರೆಗೂ ಹಬ್ಬಿದೆ. ಅದು ನಡೆದು ಬಂದ ದಾರಿಯುದ್ದಕ್ಕೂ ಒಂದು ಸಂಗತಿ ಎದ್ದು ಕಾಣುತ್ತದೆ. ಪೋಲು ತೆಗೆಯುವ ಉಪಾಯಗಳನ್ನು ಎಲ್ಲರೂ ಬೇಗ ಕಲಿತರು. ತಪ್ಪು ಕಂಡ ಕೂಡಲೇ ಕೆಲಸ ನಿಲ್ಲಿಸುವ ಅಧಿಕಾರವನ್ನು ಕೆಲಸಗಾರನಿಗೆ ಕೊಡಲು ಮಾತ್ರ ಹೆಚ್ಚಿನವರು ಹಿಂಜರಿದರು.

ಅಳತೆ ಮತ್ತು ವೇಗ

ಕೆಲಸವನ್ನು ಅಳೆದು ಪೋಲು ತೆಗೆಯುವ ವ್ಯವಸ್ಥಿತ ಪ್ರಯತ್ನ ಅಮೆರಿಕದಲ್ಲಿ ಮೊದಲಾಯಿತು. ಸ್ಟಾಪ್‌ವಾಚ್ ಹಿಡಿದು ಕೆಲಸದ ಒಂದೊಂದು ಚಲನೆಯನ್ನೂ ಲೆಕ್ಕ ಹಾಕುವ ಪರಿಪಾಠಕ್ಕೆ ಫ್ರೆಡರಿಕ್ ಟೇಲರ್ 1911ರ ತಮ್ಮ ಪುಸ್ತಕದಲ್ಲಿ ಶಾಸ್ತ್ರದ ಸ್ಥಾನ ಕೊಟ್ಟರು. ಎರಡು ವರ್ಷಗಳ ಬಳಿಕ ಹೆನ್ರಿ ಫೋರ್ಡ್ ಅವರ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಗೆ ಚಲಿಸುವ ಅಸೆಂಬ್ಲಿ ಲೈನ್ ಬಂತು. 12 ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಮಾಡೆಲ್ ಟಿ ಚಾಸಿಯ ಜೋಡಣೆ ಸುಮಾರು 93 ನಿಮಿಷಕ್ಕೆ ಇಳಿಯಿತು. ಎರಡರಲ್ಲೂ ಯೋಚಿಸುವವರು ಬೇರೆ, ದುಡಿಯುವವರು ಬೇರೆ. ಮುಂದೆ ಬೃಹತ್ ಉತ್ಪಾದನೆಯ ಕಾರ್ಖಾನೆಗಳಲ್ಲಿ ಲೈನ್ ನಿಲ್ಲಬಾರದು ಎಂಬುದೇ ಮೊದಲ ನಿಯಮವಾಯಿತು. ತಪ್ಪಾದ ಗಾಡಿಯನ್ನು ಕೊನೆಯಲ್ಲಿ ರಿಪೇರಿ ಮಾಡಿಕೊಂಡರಾಯಿತು ಎಂಬ ಧೋರಣೆ ಅದರ ಬೆನ್ನಿಗೇ ಬಂತು.

ನೂಲು ಹರಿದರೆ ನಿಲ್ಲುವ ಮಗ್ಗ

ಜಪಾನಿನಲ್ಲಿ ಇದಕ್ಕೆ ತದ್ವಿರುದ್ಧವಾದ ಯೋಚನೆ ನೇಯ್ಗೆಯಿಂದ ಹುಟ್ಟಿತು. ಸಕಿಚಿ ಟೊಯೋಡ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ ನೂಲು ಹರಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಹಾಳು ಬಟ್ಟೆ ಮುಂದೆ ಸಾಗುತ್ತಿರಲಿಲ್ಲ. ಮಗ್ಗಕ್ಕೊಬ್ಬರು ಕಾವಲು ನಿಲ್ಲುವುದೂ ತಪ್ಪಿತು. ಒಬ್ಬರೇ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. 1929ರಲ್ಲಿ ಇದರ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಒಂದು ಲಕ್ಷ ಪೌಂಡ್‌ಗೆ ಕೊಂಡಿತು. ಸಕಿಚಿ ಅವರ ಮಗ ಕಿಯಿಚಿರೊ ಕಾರು ತಯಾರಿಕೆಗೆ ಇಳಿದರು. 1937ರಲ್ಲಿ ಟೊಯೋಟ ಮೋಟಾರ್ ಕಂಪನಿ ಸ್ಥಾಪನೆಯಾಯಿತು.

ಯುದ್ಧಾನಂತರ ಟೊಯೋಟ ಮುಳುಗುವ ಸ್ಥಿತಿ ತಲುಪಿತ್ತು. ವಾಹನಗಳು ಮಾರಾಟವಾಗದೆ ಉಳಿದು, ಹಣ ಸಿಕ್ಕಿಹಾಕಿಕೊಂಡು, ಮುಷ್ಕರ ನಡೆದು, 1950ರಲ್ಲಿ ಕಿಯಿಚಿರೊ ರಾಜೀನಾಮೆ ಕೊಡಬೇಕಾಯಿತು. ಮಾರಾಟವಾಗದ ಸರಕು ಕಂಪನಿಯ ಕತ್ತು ಹಿಸುಕುವುದನ್ನು ಆ ತಲೆಮಾರು ಕಣ್ಣಾರೆ ಕಂಡಿತು. ನೇಯ್ಗೆ ಗಿರಣಿಯಿಂದ ಮೋಟಾರು ಕಂಪನಿಗೆ ಬಂದಿದ್ದ ಟಾಯಿಚಿ ಓನೊ ಅವರು ಪಟ್ಟಿ ಮಾಡಿದ ಏಳು ಪೋಲುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ತಯಾರಿಸುವುದೇ ಎಲ್ಲಕ್ಕಿಂತ ಕೆಟ್ಟದ್ದು. ಕಾಯುವುದು, ಸಾಗಿಸುವುದು, ಬೇಡದ ಸಂಸ್ಕರಣೆ, ದಾಸ್ತಾನು, ಅನಗತ್ಯ ಓಡಾಟ, ದೋಷಯುಕ್ತ ಮಾಲು ಉಳಿದ ಆರು. ಹೆಚ್ಚು ತಯಾರಿಸಿದರೆ ಈ ಆರರಲ್ಲಿ ಹಲವು ತಾವಾಗಿ ಹುಟ್ಟಿಕೊಳ್ಳುತ್ತವೆ.

ಇದಕ್ಕೆ ಓನೊ ಕಂಡುಕೊಂಡ ಉಪಾಯ ಕಾನ್ಬಾನ್ ಎಂಬ ಕಾರ್ಡು. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಗಿರಾಕಿ ಎತ್ತಿಕೊಂಡಷ್ಟನ್ನೇ ಮತ್ತೆ ತುಂಬಿಸುವ ಕ್ರಮ ಅವರಿಗೆ ಹಿಡಿಸಿತ್ತು. ಮುಂದಿನ ವಿಭಾಗ ಬಿಡಿಭಾಗಗಳನ್ನು ತೆಗೆದುಕೊಂಡಾಗ ಡಬ್ಬಿಯ ಮೇಲಿನ ಕಾರ್ಡು ಹಿಂದಿನ ವಿಭಾಗಕ್ಕೆ ಮರಳುತ್ತದೆ. ಯಾವ ಭಾಗ, ಎಷ್ಟು, ಎಲ್ಲಿಗೆ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಕಾರ್ಡು ಬಾರದೆ ಯಾರೂ ಮೆಷಿನ್ ಓಡಿಸುವಂತಿಲ್ಲ. 1950ರ ದಶಕದ ಆರಂಭದಲ್ಲಿ ಮೆಷಿನ್ ಶಾಪಿನಲ್ಲಿ ಶುರುವಾದ ಈ ಪ್ರಯೋಗ ಮುಂದಿನ ದಶಕದಲ್ಲಿ ಇಡೀ ಕಂಪನಿಗೆ ಹರಡಿತು.

ಈ ಪದ್ಧತಿಯ ಮನೋಧರ್ಮ ತಿಳಿಯಲು ಎಂಜಿನಿಯರ್ ಶಿಗೆಯೊ ಶಿಂಗೊ 1961ರಲ್ಲಿ ಒಂದು ಕಾರ್ಖಾನೆಯಲ್ಲಿ ಮಾಡಿದ ಸಣ್ಣ ಬದಲಾವಣೆಯನ್ನು ನೋಡಬೇಕು. ಅಲ್ಲಿ ಜೋಡಿಸುತ್ತಿದ್ದ ಸ್ವಿಚ್ಚಿನ ಎರಡು ಗುಂಡಿಗಳ ಕೆಳಗೆ ಎರಡು ಸ್ಪ್ರಿಂಗ್ ಇಡಬೇಕಿತ್ತು. ಆಗೊಮ್ಮೆ ಈಗೊಮ್ಮೆ ಕೆಲಸಗಾರರು ಒಂದನ್ನು ಮರೆಯುತ್ತಿದ್ದರು. ಎಚ್ಚರಿಕೆ ಹೇಳಿ, ಗದರಿ ಪ್ರಯೋಜನವಾಗಿರಲಿಲ್ಲ. ಶಿಂಗೊ ಒಂದು ತಟ್ಟೆ ಇರಿಸಿದರು. ಮೊದಲು ಡಬ್ಬಿಯಿಂದ ಎರಡು ಸ್ಪ್ರಿಂಗ್ ತೆಗೆದು ತಟ್ಟೆಯಲ್ಲಿ ಇಡುವುದು, ಆಮೇಲೆ ತಟ್ಟೆಯಿಂದ ಎತ್ತಿ ಸ್ವಿಚ್ಚಿಗೆ ಹಾಕುವುದು. ತಟ್ಟೆಯಲ್ಲಿ ಒಂದು ಉಳಿದರೆ ಮರೆತದ್ದು ಅಲ್ಲೇ ಗೊತ್ತಾಗುತ್ತದೆ. ಮನುಷ್ಯನಿಗೆ ಮರೆವು ಸಹಜ, ಅದಕ್ಕೆ ತಕ್ಕಂತೆ ಕೆಲಸವನ್ನು ರೂಪಿಸಬೇಕು ಎಂಬ ಈ ಅಂತಃಕರಣವೇ ಇಡೀ ಪದ್ಧತಿಯ ಜೀವಾಳ. ಟೊಯೋಟದ ಸಾವಿರ ಟನ್ ಪ್ರೆಸ್ಸಿನಲ್ಲಿ ಡೈ ಬದಲಿಸುವ ನಾಲ್ಕು ಗಂಟೆಯ ಕೆಲಸವನ್ನು ಮೂರು ನಿಮಿಷಕ್ಕೆ ಇಳಿಸಿದ್ದರ ಹಿಂದೆಯೂ ಶಿಂಗೊ ಇದ್ದರು. ಮೆಷಿನ್ ಓಡುತ್ತಿರುವಾಗಲೇ ಮಾಡಿಕೊಳ್ಳಬಹುದಾದ ತಯಾರಿಯನ್ನು, ನಿಲ್ಲಿಸಿಯೇ ಮಾಡಬೇಕಾದ ಕೆಲಸದಿಂದ ಬೇರ್ಪಡಿಸಿದ್ದೇ ಅದರ ಗುಟ್ಟು.

ಕಡಲಾಚೆಗೆ

1973ರ ತೈಲ ಬಿಕ್ಕಟ್ಟಿನ ಬಳಿಕ ಜಪಾನಿನ ಇತರ ಕಂಪನಿಗಳು ಟೊಯೋಟದತ್ತ ತಿರುಗಿ ನೋಡಿದವು. 1978ರಲ್ಲಿ ಓನೊ ಅವರ ಪುಸ್ತಕ ಬಂತು. ನಿಜವಾದ ಪರೀಕ್ಷೆ ನಡೆದದ್ದು 1984ರಲ್ಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಜನರಲ್ ಮೋಟಾರ್ಸ್ ಎರಡು ವರ್ಷದ ಹಿಂದೆ ಮುಚ್ಚಿದ್ದ ಕಾರ್ಖಾನೆಯನ್ನು ಆ ಕಂಪನಿಯೂ ಟೊಯೋಟವೂ ಸೇರಿ ನುಮ್ಮಿ ಎಂಬ ಹೆಸರಿನಲ್ಲಿ ತೆರೆದವು. ಗೈರುಹಾಜರಿಗೂ ಜಗಳಕ್ಕೂ ಹೆಸರಾಗಿದ್ದ ಹಳೆಯ ಕೆಲಸಗಾರರೇ ಹೆಚ್ಚಾಗಿ ಮರಳಿದರು. ಕಾರ್ಮಿಕ ಸಂಘವೂ ಹಳೆಯದೇ. ಈಗ ಪ್ರತಿಯೊಬ್ಬರ ಕೈಗೆಟುಕುವಂತೆ ಒಂದು ಹಗ್ಗವಿತ್ತು. ತೊಂದರೆ ಕಂಡು ಅದನ್ನು ಎಳೆದರೆ ದೀಪ ಹತ್ತಿ, ತಂಡದ ನಾಯಕ ಓಡಿ ಬರುತ್ತಿದ್ದ. ಕಾರು ನಿಗದಿತ ಗುರುತು ತಲುಪುವುದರೊಳಗೆ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತಿತ್ತು.

ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 1986–87ರ ಅಂಕಿಗಳನ್ನು ಹೋಲಿಸಿದರು. ಒಂದು ಕಾರು ಜೋಡಿಸಲು ಜನರಲ್ ಮೋಟಾರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಗೆ 31 ಗಂಟೆ, ಟೊಯೋಟದ ತಕವೋಕಕ್ಕೆ 16, ನುಮ್ಮಿಗೆ 19. ಬಿಡಿಭಾಗಗಳ ದಾಸ್ತಾನು ಮೊದಲನೆಯದರಲ್ಲಿ ಎರಡು ವಾರಕ್ಕೆ, ತಕವೋಕದಲ್ಲಿ ಎರಡು ಗಂಟೆಗೆ, ನುಮ್ಮಿಯಲ್ಲಿ ಎರಡು ದಿನಕ್ಕೆ ಸಾಲುವಷ್ಟು. ಈ ತಂಡದ ಜಾನ್ ಕ್ರಾಫ್ಸಿಕ್ 1988ರ ಲೇಖನದಲ್ಲಿ ಪದ್ಧತಿಗೆ ಲೀನ್ ಎಂದು ಹೆಸರಿಟ್ಟರು. ವೊಮ್ಯಾಕ್, ಜೋನ್ಸ್ ಮತ್ತು ರೂಸ್ 1990ರಲ್ಲಿ ಬರೆದ ಪುಸ್ತಕ ಅದನ್ನು ಜಗತ್ತಿಗೆ ಮುಟ್ಟಿಸಿತು. 2002ರಿಂದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ ಇದನ್ನು ರೋಗಿಗಳ ಸುರಕ್ಷತೆಗೆ ಅಳವಡಿಸಿತು. ಅಪಾಯ ಕಂಡರೆ ಯಾವ ಸಿಬ್ಬಂದಿಯಾದರೂ ಎಚ್ಚರಿಕೆ ಕೊಡುವ ವ್ಯವಸ್ಥೆ ಅಲ್ಲಿ ಬಂತು. 2011ರ ಹೊತ್ತಿಗೆ ಸ್ಟಾರ್ಟಪ್‌ಗಳ ಬಾಯಲ್ಲೂ ಲೀನ್ ಎಂಬ ಮಾತು ಸೇರಿತ್ತು.

ಎದ್ದ ಪ್ರಶ್ನೆಗಳು

ಹರಡಿದಂತೆ ಆಕ್ಷೇಪಗಳೂ ಬಂದವು. ಪತ್ರಕರ್ತ ಸತೋಶಿ ಕಾಮತ ಟೊಯೋಟದಲ್ಲಿ ಹಂಗಾಮಿ ಕೆಲಸಗಾರರಾಗಿ ದುಡಿದು, ಅಲ್ಲಿನ ದಣಿವನ್ನು 1973ರಲ್ಲೇ ಪುಸ್ತಕ ಮಾಡಿದ್ದರು. ಅಮೆರಿಕದ ಕಾರ್ಮಿಕಪರ ಲೇಖಕರಾದ ಮೈಕ್ ಪಾರ್ಕರ್ ಮತ್ತು ಜೇನ್ ಸ್ಲಾಟರ್ ಇದನ್ನು ಒತ್ತಡದ ಮೂಲಕ ನಡೆಸುವ ಆಡಳಿತ ಎಂದು ಕರೆದರು. ಈ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಕೆಲಸಗಾರ ಉಸಿರಾಡುವ ಎರಡು ಕ್ಷಣವನ್ನೂ ಪೋಲು ಎಂದು ಎಣಿಸಿದರೆ ಲೀನ್ ಮತ್ತೆ ಟೇಲರ್‌ನ ಸ್ಟಾಪ್‌ವಾಚ್‌ಗೆ ಮರಳುತ್ತದೆ. 2001ರಲ್ಲಿ ಟೊಯೋಟ ತನ್ನ ತತ್ವಗಳನ್ನು ಲಿಖಿತ ರೂಪಕ್ಕೆ ತಂದಾಗ ನಿರಂತರ ಸುಧಾರಣೆಯ ಜೊತೆಗೆ ಜನರ ಬಗೆಗಿನ ಗೌರವವನ್ನೂ ಆಧಾರಸ್ತಂಭ ಎಂದಿತು.

ದಾಸ್ತಾನು ಕಡಿಮೆಯಾದಷ್ಟೂ ಅವಘಡದ ಹೊಡೆತ ಜೋರು ಎಂಬುದು ಇನ್ನೊಂದು ಆಕ್ಷೇಪ. 1997ರ ಫೆಬ್ರುವರಿಯಲ್ಲಿ ಬಿಡಿಭಾಗ ಪೂರೈಸುವ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದು, ಬ್ರೇಕಿನ ಒಂದು ವಾಲ್ವ್ ಸಿಗದೆ ಟೊಯೋಟದ ಕಾರ್ಖಾನೆಗಳು ಸ್ತಬ್ಧವಾದವು. ಹತ್ತಾರು ಪೂರೈಕೆದಾರರು ತಮ್ಮ ಮೆಷಿನ್‌ಗಳನ್ನೇ ಒಗ್ಗಿಸಿಕೊಂಡು ವಾಲ್ವ್ ಮಾಡಿಕೊಟ್ಟಿದ್ದರಿಂದ ಸುಮಾರು ಒಂದು ವಾರದಲ್ಲಿ ಉತ್ಪಾದನೆ ಚೇತರಿಸಿಕೊಂಡಿತು. ಜಪಾನಿನ 2011ರ ಭೂಕಂಪದ ಬಳಿಕ ಸೆಮಿಕಂಡಕ್ಟರ್‌ನಂಥ ಭಾಗಗಳಿಗೆ ಹಲವು ತಿಂಗಳ ಸ್ಟಾಕ್ ಇರಿಸಲು ಕಂಪನಿಯೇ ಪೂರೈಕೆದಾರರಿಗೆ ಹೇಳಿತು. ಯಾವ ದಾಸ್ತಾನು ಪೋಲು, ಯಾವುದು ವಿಮೆ ಎಂಬ ವಿವೇಚನೆ ಹೀಗೆ ಶಾಸ್ತ್ರದೊಳಗೆ ಸೇರಿತು.

ನಮ್ಮ ನೆಲದಲ್ಲಿ

ಭಾರತಕ್ಕೆ ಜಪಾನಿನ ಶಾಪ್ ಫ್ಲೋರ್ ಶಿಸ್ತು ದೊಡ್ಡ ಪ್ರಮಾಣದಲ್ಲಿ ಬಂದದ್ದು 1983ರಲ್ಲಿ ಮಾರುತಿ–ಸುಜುಕಿ ಕಾರಿನೊಂದಿಗೆ. 1998ರಲ್ಲಿ ವಾಹನ ಬಿಡಿಭಾಗಗಳ ಕಂಪನಿ ಸುಂದರಂ ಕ್ಲೇಟನ್‌ಗೆ ಗುಣಮಟ್ಟಕ್ಕಾಗಿ ಜಪಾನ್ ಕೊಡುವ ಡೆಮಿಂಗ್ ಪ್ರಶಸ್ತಿ ದೊರೆಯಿತು. ಮರುವರ್ಷ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗಿ ಈ ಪದ್ಧತಿ ಕರ್ನಾಟಕದ ಮನೆಬಾಗಿಲಿಗೇ ಬಂತು. ಅದೇ ಬಿಡದಿಯಲ್ಲಿ 2020ರ ನವೆಂಬರ್‌ನಲ್ಲಿ ಧರಣಿ, ಲಾಕೌಟ್ ನಡೆದವು. ಕೆಲಸದ ಹೊರೆ ಹೆಚ್ಚಿದೆ ಎಂಬುದು ಕಾರ್ಮಿಕ ಸಂಘದ ದೂರುಗಳಲ್ಲಿ ಒಂದು. ಆಡಳಿತ ಮಂಡಳಿ ಮುಷ್ಕರವನ್ನು ಕಾನೂನುಬಾಹಿರ ಎಂದಿತು. ಮೂಲ ಕಂಪನಿಯ ಅಂಗಳದಲ್ಲೂ ಸುಧಾರಣೆ ಮತ್ತು ಗೌರವದ ನಡುವಿನ ತೂಕ ತಾನಾಗಿ ಉಳಿಯುವುದಿಲ್ಲ, ದಿನವೂ ಕಾಯ್ದುಕೊಳ್ಳಬೇಕು.

ಕೇಂದ್ರ ಸರ್ಕಾರ 2023ರಲ್ಲಿ ಸಣ್ಣ, ಮಧ್ಯಮ ಉದ್ದಿಮೆಗಳ ಲೀನ್ ಯೋಜನೆಯನ್ನು ಹೊಸ ರೂಪದಲ್ಲಿ ತಂದು ಸಲಹೆಗಾರರ ವೆಚ್ಚದ ಬಹುಪಾಲನ್ನು ತಾನೇ ಭರಿಸುತ್ತಿದೆ. ಪೀಣ್ಯದಂಥ ಕಡೆ ಇದು ನಿಜಕ್ಕೂ ಒದಗಿ ಬರಬಲ್ಲದು. ಬಾಡಿಗೆ ಶೆಡ್ಡಿನಲ್ಲಿ ನಾಲ್ಕು ಮೆಷಿನ್ ಇಟ್ಟುಕೊಂಡವರಿಗೆ ಸೆಟ್ಟಿಂಗ್ ಸಮಯ ಅರ್ಧವಾದರೆ, ರಿಜೆಕ್ಷನ್ ಇಳಿದರೆ, ಸ್ಟಾಕಿನಲ್ಲಿ ಸಿಕ್ಕಿದ ಹಣ ಕೈಗೆ ಬಂದರೆ ಅದೇ ದೊಡ್ಡ ಬಂಡವಾಳ. ನೆಲಕ್ಕೆ ಹಳದಿ ಗೆರೆ ಎಳೆದು, ಗೋಡೆಗೆ ಬೋರ್ಡು ಹಾಕಿದ ಮಾತ್ರಕ್ಕೆ ಅದು ಬರುವುದಿಲ್ಲ. ಜಾಬ್ ಸರಿಯಿಲ್ಲವೆಂದು ಆಪರೇಟರ್ ಮೆಷಿನ್ ನಿಲ್ಲಿಸಿದಾಗ ಸೂಪರ್‌ವೈಸರ್ ‘ಯಾಕೆ ನಿಲ್ಲಿಸಿದೆ’ ಎಂದು ಗದರಿದರೆ ಮರುದಿನದಿಂದ ತಪ್ಪುಗಳು ಡಬ್ಬಿಯ ತಳ ಸೇರುತ್ತವೆ. ‘ಏನಾಯ್ತು, ತೋರಿಸು’ ಎಂದು ಪಕ್ಕದಲ್ಲಿ ನಿಂತರೆ ಆ ಶೆಡ್ಡಿನಲ್ಲಿ ಲೀನ್ ಶುರುವಾಯಿತು ಎಂದೇ ಅರ್ಥ.