ಈರುಳ್ಳಿ ಪೊರೆಯಿಂದ ಮುಂದಕ್ಕೆ: ಜೀವಕೋಶದ ಕಲಿಕೆಯ ಒಂದು ವಿವೇಚನೆ

ಪ್ರೌಢಶಾಲೆಯಲ್ಲಿ ಜೀವಕೋಶದ ಪಾಠ ಸಾಮಾನ್ಯವಾಗಿ ಈರುಳ್ಳಿಯಿಂದ ಶುರುವಾಗುತ್ತದೆ. ತೆಳುಪೊರೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ಹನಿ ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಇಟ್ಟಿಗೆ ಜೋಡಿಸಿದಂತೆ ಕೋಶಗಳು, ಒಳಗೊಂದು ಚುಕ್ಕೆಯಂತೆ ಕೋಶಕೇಂದ್ರ. ಮಕ್ಕಳು ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಾರೆ. ಆ ನೋಟದಲ್ಲಿ ಚಲನೆಯೇ ಇಲ್ಲ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ತುಣುಕಿನಲ್ಲಿ ಕಂಡದ್ದೂ ಸತ್ತ ಕೋಶಗಳ ಗೋಡೆಗಳನ್ನೇ.

ಮುಂದಿನ ತರಗತಿಗಳಲ್ಲಿ ಈ ಚಿತ್ರಕ್ಕೆ ಹೆಸರುಗಳು ಸೇರುತ್ತಾ ಹೋಗುತ್ತವೆ: ಮೈಟೋಕಾಂಡ್ರಿಯ, ರೈಬೋಸೋಮ್, ಗಾಲ್ಗಿ ಸಂಕೀರ್ಣ. 1957ರಲ್ಲಿ ಫಿಲಿಪ್ ಸೀಕೆವಿಟ್ಜ್ ಮೈಟೋಕಾಂಡ್ರಿಯ ಕುರಿತ ತಮ್ಮ ಲೇಖನಕ್ಕೆ ಕೊಟ್ಟ 'ಜೀವಕೋಶದ ಶಕ್ತಿಕೇಂದ್ರ' ಎಂಬ ತಲೆಬರಹ ಇಂದು ಒಂದು ಅಂಕದ ಉತ್ತರ. ಹೆಸರು ಹೆಚ್ಚಿದಷ್ಟೂ ತಿಳಿವಳಿಕೆ ಹೆಚ್ಚಿತೇ?

ಅಮೆರಿಕದ ಓಡಮ್ ಮತ್ತು ಬ್ಯಾರೊ 1995ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು. ವಿಸರಣೆ ಮತ್ತು ಅಭಿಸರಣೆಗಳ ಮೇಲೆ 12 ಪ್ರಶ್ನೆಗಳು. ಪ್ರತಿಯೊಂದಕ್ಕೂ ಮೊದಲು ಉತ್ತರ ಆರಿಸಬೇಕು, ಆಮೇಲೆ ಅದರ ಕಾರಣ. ನೀರಿಗೆ ಬಿದ್ದ ಬಣ್ಣದ ಹನಿ ಎಲ್ಲೆಡೆ ಸಮನಾಗಿ ಹರಡಿದ ಮೇಲೆ ಬಣ್ಣದ ಅಣುಗಳು ನಿಲ್ಲುತ್ತವೆಯೇ, ಚಲಿಸುತ್ತಲೇ ಇರುತ್ತವೆಯೇ? 'ನಿಲ್ಲುತ್ತವೆ' ಎನ್ನುವವರ ಕಾರಣವೂ ಮೇಲ್ನೋಟಕ್ಕೆ ಸರಿಯೆನಿಸುತ್ತದೆ: ಚಲಿಸುತ್ತಿದ್ದರೆ ಬಣ್ಣ ಅಲ್ಲಲ್ಲಿ ಬೇರೆಯಾಗಿ ಕಾಣಬೇಕಿತ್ತಲ್ಲ! ಇಂಥ ತಪ್ಪು ಕಲ್ಪನೆಗಳು ಪ್ರೌಢಶಾಲೆಯವರಲ್ಲಿ ಮಾತ್ರವಲ್ಲ, ಕಾಲೇಜಿನಲ್ಲಿ ಜೀವಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದುವವರಲ್ಲೂ ಓಡಮ್ ಅವರಿಗೆ ಕಂಡವು.

ಕನ್ನಡ ಮಾಧ್ಯಮದಲ್ಲಿ ಇನ್ನೊಂದು ತೊಡಕಿದೆ. ಭೌತಶಾಸ್ತ್ರದ 'ಸಾಂದ್ರತೆ' ವಸ್ತುವಿನ ದಟ್ಟಣೆ. ದ್ರಾವಣದ ಪಾಠದಲ್ಲಿ ಅದೇ ಪದ ಕರಗಿರುವ ಪ್ರಮಾಣಕ್ಕೂ ಬಳಕೆಯಾಗುತ್ತದೆ. 'ಹೆಚ್ಚು ಸಾಂದ್ರತೆಯ ಕಡೆಯಿಂದ ಕಡಿಮೆ ಕಡೆಗೆ' ಎಂದಾಗ ನೀರಿನದೋ ಉಪ್ಪಿನದೋ ಎಂದು ಬಿಡಿಸಿ ಹೇಳದಿದ್ದರೆ ಮಗು ಎಡವುವುದು ಸಹಜ. 'ಸಾರತೆ' ಎಂಬ ಪದ ನಮ್ಮಲ್ಲಿ ಇದ್ದೇ ಇದೆ, ಅದನ್ನು ಬಳಸಬೇಕು.

ತಪ್ಪು ಕಲ್ಪನೆಗಳ ಈ ಕತೆ ಅನುವಂಶೀಯತೆಯಲ್ಲೂ ಇದೆ. ಇಂಗ್ಲೆಂಡಿನ 14–16 ವಯಸ್ಸಿನ ವಿದ್ಯಾರ್ಥಿಗಳನ್ನು ಲೂಯಿಸ್, ಲೀಚ್ ಮತ್ತು ವುಡ್-ರಾಬಿನ್ಸನ್ ಪರೀಕ್ಷಿಸಿದಾಗ, ಒಬ್ಬರದೇ ದೇಹದ ಬೇರೆಬೇರೆ ಬಗೆಯ ಕೋಶಗಳಲ್ಲಿ ಬೇರೆಬೇರೆ ಆನುವಂಶಿಕ ಮಾಹಿತಿ ಇರುತ್ತದೆಂದು ಹಲವರು ನಂಬಿದ್ದರು.

ಹೆಸರುಗಳಿಂದ ತಿಳಿವಳಿಕೆಯತ್ತ ಸಾಗುವ ದಾರಿ ಪಠ್ಯದಲ್ಲೇ ಇದೆ. ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ಪುಸ್ತಕ, ಅಡಿಭಾಗ ನೇರಳೆಯಾಗಿರುವ ರೋಯೋ ಎಲೆಯ ಸಿಪ್ಪೆಗೆ ಗಾಢ ಉಪ್ಪುನೀರು ಅಥವಾ ಸಕ್ಕರೆ ನೀರು ಹಾಕಿಸುತ್ತದೆ. ಕಣ್ಣೆದುರೇ ಕೋಶದ ಒಳಭಾಗ ಕುಗ್ಗಿ ಗೋಡೆಯಿಂದ ದೂರ ಸರಿಯುತ್ತದೆ. ಆಮೇಲೆ ಎಲೆಯನ್ನು ಕುದಿಸಿ ಅದೇ ಪ್ರಯೋಗ ಮಾಡಿದರೆ ಹಾಗೆ ಆಗುವುದಿಲ್ಲ. ಪೊರೆ ಎಂದರೆ ಚಿತ್ರದಲ್ಲಿನ ಗೆರೆಯಲ್ಲ, ಕೆಲಸ ಮಾಡುವ ಭಾಗ ಎಂಬುದು ಇಲ್ಲಿ ಮನದಟ್ಟಾಗುತ್ತದೆ. ಅವಸರದಲ್ಲಿ ಬಿಟ್ಟುಹೋಗುವ ಅಪಾಯವಿರುವುದು ಈ ಎರಡನೆಯ ಅರ್ಧಕ್ಕೇ. ಅಧ್ಯಾಪಕರು ದಯವಿಟ್ಟು ಕುದಿಸಿದ ಎಲೆಯನ್ನೂ ತೋರಿಸಬೇಕು, ಅದು ಏಕೆ ಕುಗ್ಗಲಿಲ್ಲ ಎಂಬುದನ್ನು ಮಕ್ಕಳಿಂದಲೇ ಬರೆಸಬೇಕು.